ಮುಳುಗಿದರೆ ಮುಂದಕ್ಕೆ, ತೇಲಿದರೆ ಮನೆಗೆ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ರಕ್ತನಿಧಿಯ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಐದು ಪುಟ್ಟ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು, ದೊಡ್ಡ ಜಾಡಿಯಿಂದ ನೀಲಿ ನೀರನ್ನು ಗೆರೆ ನೋಡಿ ನೋಡಿ ಸುರಿಯುತ್ತಿರುವವರಿಗೆ ನಲವತ್ತೊಂಬತ್ತು ವರ್ಷ. ಮುಚ್ಚಳ ಬಿಗಿ ಮಾಡಿದ ಮೇಲೆ ಒಂದೊಂದು ಬಾಟಲಿಯ ಪಕ್ಕ ಒಂದೊಂದು ಬಟ್ಟೆಯ ಚೀಲ ಇಡುತ್ತಾರೆ. ಚೀಲದೊಳಗೆ ಅಂಗಿಯ ಗುಂಡಿಗಳು, ಲೆಕ್ಕ ಹಾಕಿ ಇಪ್ಪತ್ತೈದು. ಒಂದು ಸಲ ಎಣಿಸುತ್ತಾರೆ, ನಂಬಿಕೆ ಬಾರದೆ ಮತ್ತೊಂದು ಸಲ ಎಣಿಸುತ್ತಾರೆ.

ರಕ್ತನಿಧಿಯಲ್ಲಿ ಗುಂಡಿಗೇನು ಕೆಲಸ ಎಂದು ಕೇಳಿದರೆ, "ಅದೊಂದು ದೊಡ್ಡ ಕತೆ. ಸ್ವಲ್ಪ ತಾಳಿ, ಮೊದಲು ವ್ಯಾನಿಗೆ ಸಾಮಾನು ಏರಿಸೋಣ" ಎನ್ನುತ್ತಾರೆ.

ಇವರನ್ನು ಸಹೋದ್ಯೋಗಿಗಳು ಕರೆಯುವುದು 'ವಾಪಸ್ ಅಕ್ಕ' ಎಂದು. ರಕ್ತ ಕೊಡಲು ಬಂದವರನ್ನು ಮೊದಲು ಎದುರುಗೊಳ್ಳುವ ಮೇಜು ಅವರದು. ವಯಸ್ಸು ಹದಿನೆಂಟು ದಾಟಿದೆಯೇ, ತೂಕ ನಲವತ್ತೈದು ಕಿಲೋ ಇದೆಯೇ, ರಾತ್ರಿ ನಿದ್ದೆ ಆಗಿದೆಯೇ, ಬೆಳಗ್ಗೆ ಹೊಟ್ಟೆಗೆ ಏನಾದರೂ ಬಿದ್ದಿದೆಯೇ, ಹಿಂದಿನ ಸಲ ಕೊಟ್ಟು ಸಾಕಷ್ಟು ತಿಂಗಳು ಕಳೆದಿವೆಯೇ, ಜ್ವರ, ಮಾತ್ರೆ, ಹಚ್ಚೆ, ಕೀಳಿಸಿದ ಹಲ್ಲು, ಎಲ್ಲವನ್ನೂ ಕೇಳಿ ತಿಳಿದು, ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಮೈಲುತುತ್ತ ಕರಗಿಸಿದ ಆ ನೀಲಿ ನೀರಿಗೆ ಬಿಡುತ್ತಾರೆ. ಹನಿ ಹದಿನೈದು ಎಣಿಸುವುದರೊಳಗೆ ತಳಕ್ಕೆ ಹೋದರೆ ರಕ್ತ ಗಟ್ಟಿಯಾಗಿದೆ ಎಂದರ್ಥ, ಮುಂದಿನ ಮಂಚಕ್ಕೆ ಹೋಗಬಹುದು. ನಡುವೆಯೇ ತೇಲಾಡುತ್ತ ನಿಂತರೆ ರಕ್ತ ಕಡಿಮೆ ಇದೆ, ಮನೆಗೆ ಹೋಗಬೇಕು. ಸಣ್ಣ ಗಾಜಿನ ಬಾಟಲಿಯಲ್ಲಿ ಇಷ್ಟೇ ನಡೆಯುವುದು. ಆದರೆ 'ಮನೆಗೆ ಹೋಗಿ' ಎಂಬ ಮಾತನ್ನು ಬಾಯಿಬಿಟ್ಟು ಹೇಳಬೇಕಾದವರು ಇವರು.

ಸೂಜಿ ಹಾಕುವವರಿಗೆ ಧನ್ಯವಾದ ಸಿಗುತ್ತದೆ. ಜ್ಯೂಸು ಬಿಸ್ಕತ್ತು ಹಂಚುವವರ ಕಡೆ ಎಲ್ಲರೂ ನಗುತ್ತಾರೆ. ಫೋಟೊ ತೆಗೆಯುವವರು ಮಂಚದ ಸುತ್ತಲೇ ಸುಳಿದಾಡುತ್ತಾರೆ. ಬಾಗಿಲ ಬಳಿಯ ಈ ಮೇಜಿಗೆ ಬರುವುದು ಬೈಗುಳ ಮಾತ್ರ. ಒಳ್ಳೆಯ ಕೆಲಸ ಮಾಡಲು ಎದೆಯುಬ್ಬಿಸಿಕೊಂಡು ಬಂದವನಿಗೆ, ಗೆಳೆಯರ ಎದುರು, ನಿನ್ನಿಂದ ಆಗುವುದಿಲ್ಲ ಎಂದರೆ ಯಾರ ಮುಖ ತಾನೇ ಅರಳೀತು?

"ಒಬ್ಬರು ನನ್ನ ಮೇಜನ್ನೇ ಗುದ್ದಿದ್ರು. ಐನೂರು ಜನರನ್ನ ಕರ್ಕೊಂಡು ಬಂದಿದೀನಿ, ನನ್ನನ್ನೇ ವಾಪಸ್ ಕಳಿಸ್ತೀಯಾ, ನಿನ್ನ ಕೆಲಸ ಉಳಿಯುತ್ತಾ ನೋಡ್ತೀನಿ ಅಂದ್ರು. ಬಿಪಿ ನೂರ ತೊಂಬತ್ತು ಇತ್ತು. ಸರ್, ಮೊದಲು ನೀವು ಉಳಿಯೋದು ನೋಡೋಣ, ನನ್ನ ಕೆಲಸ ಆಮೇಲೆ ಅಂದೆ" ಎಂದು ವ್ಯಾನಿನ ಹಿಂದಿನ ಸೀಟಿನಲ್ಲಿ ತಣ್ಣನೆಯ ಪೆಟ್ಟಿಗೆಯನ್ನು ಮಂಡಿಗಳ ನಡುವೆ ಹಿಡಿದುಕೊಂಡು ಅಕ್ಕ ನಗುತ್ತಾರೆ. ಆ ಮನುಷ್ಯ ಮರುವಾರ ಹೆಂಡತಿಯನ್ನು ಕರೆದುಕೊಂಡು ಬಂದು, ಮಾತ್ರೆ ಶುರುವಾಗಿದೆ ಎಂದು ಹೇಳಿ ಹೋದರಂತೆ. ಕ್ಷಮೆ ಮಾತ್ರ ಕೇಳಲಿಲ್ಲ.

ಅಕ್ಕ ರಕ್ತನಿಧಿಗೆ ಮೊದಲು ಬಂದದ್ದು ನೆಲ ಒರೆಸಲು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಬಾಟಲಿ ತೊಳೆಯುತ್ತ ತೊಳೆಯುತ್ತ ಹೆಸರುಗಳನ್ನು ಕಲಿತರು, ಸಂಜೆ ತರಗತಿಗೆ ಸೇರಿ ಪ್ರಯೋಗಾಲಯದ ಪರೀಕ್ಷೆಯನ್ನು ಮೂರನೇ ಸಲಕ್ಕೆ ದಾಟಿದರು. ಎರಡು ಸಲ ನಪಾಸಾದದ್ದನ್ನು ಅವರೇನೂ ಮುಚ್ಚಿಡುವುದಿಲ್ಲ. ವಾಪಸ್ ಕಳಿಸಿದರೆ ಹೇಗಿರುತ್ತದೆ ಎಂದು ತನಗೂ ಗೊತ್ತು ಎಂದು ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಗಂಡ ದರ್ಜಿ. ರಸ್ತೆ ಬದಿಯ ಒಂದು ಬಾಗಿಲಿನ ಅಂಗಡಿ, ಒಳಗೆ ಎರಡು ಹೊಲಿಗೆ ಯಂತ್ರ. ಅವರೂ ಒಮ್ಮೆ ಹೊಸ ಅಂಗಿ ತೊಟ್ಟು ರಕ್ತ ಕೊಡಲು ಬಂದಿದ್ದರು. ಹಿಂದಿನ ರಾತ್ರಿ ಶಾಲೆಯ ಸಮವಸ್ತ್ರ ಹೊಲಿಯುತ್ತ ಕೂತಿದ್ದು ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಸಾಲಿನಲ್ಲಿ ನಿಂತ ಇಪ್ಪತ್ತು ಜನರ ಎದುರು ಅವರೂ ವಾಪಸ್.

"ಮನೇಲಿ ಇವಳ ಕೈಲಿ ಬೇಡ ಅನ್ನಿಸ್ಕೊಳ್ಳೋದು ಅಭ್ಯಾಸ ಆಗಿತ್ತು. ಹೊರಗೂ ಅನ್ನಿಸ್ಕೊಂಡೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಮಾರನೇ ದಿನ ಮತ್ತೆ ಹೋದೆ. ಆಗಲೂ ನನ್ನನ್ನ ಯಾರೋ ಏನೋ ಅನ್ನೋ ಹಾಗೆ ಎಲ್ಲ ಪ್ರಶ್ನೆ ಕೇಳಿದಳು, ಮದುವೆ ಆಗಿದೆಯಾ ಅನ್ನೋದೊಂದು ಬಿಟ್ಟು" ಎಂದು ಅವರು ಹೇಳುತ್ತಾರೆ.

ಒಂದು ಶಿಬಿರಕ್ಕೆ ಸರಾಸರಿ ಎಪ್ಪತ್ತು ಜನ ಬಂದರೆ ಹದಿನೈದು ಮಂದಿಯಾದರೂ ಈ ಮೇಜು ದಾಟುವುದಿಲ್ಲ. ವರ್ಷಕ್ಕೆ ಮೂರು ಸಾವಿರದ ಮೇಲೆ ಹೋಗುತ್ತದೆ. ಬೆರಳು ಚುಚ್ಚಿಸಿಕೊಳ್ಳಲು ಹೆದರುವ ಗಟ್ಟಿಗರು ಬೇರೆ. ಆದರೆ ಅಕ್ಕನಿಗೆ ಕಷ್ಟ ಕೊಡುವವರು ಹೆದರುವವರಲ್ಲ, ಸುಳ್ಳು ಹೇಳುವವರು. ನಲವತ್ಮೂರು ಕಿಲೋದ ಹುಡುಗಿಯೊಬ್ಬಳು ಜೇಬಿನಲ್ಲಿ ಎರಡು ಕಬ್ಬಿಣದ ಬೀಗ ಇಟ್ಟುಕೊಂಡು ತೂಕದ ಯಂತ್ರ ಹತ್ತಿದ್ದಳು. ನಡೆದು ಬರುವಾಗಲೇ ಜೇಬು ಟಣ್ ಅಂದಿತ್ತು. ತಿಂಡಿ ಆಯ್ತಾ ಎಂದರೆ ಆಯ್ತು ಎನ್ನುವವನು, ಏನು ತಿಂದಿರಿ ಎಂದು ಕೇಳಿದರೆ ಪಕ್ಕದವನ ಮುಖ ನೋಡುತ್ತಾನೆ. ತೋಳಿನ ಹಚ್ಚೆ ಹಳೆಯದು ಎಂದು ಸಾಧಿಸುವವನ ಹಚ್ಚೆಯ ಸುತ್ತ ಚರ್ಮ ಇನ್ನೂ ಕೆಂಪಗಿರುತ್ತದೆ.

"ಹಣಕ್ಕೆ ಹೇಳೋ ಸುಳ್ಳಲ್ಲ ನೋಡಿ, ಒಳ್ಳೇದಕ್ಕೆ ಹೇಳೋದು. ಅದಕ್ಕೇ ಬೈಯೋಕೂ ಆಗಲ್ಲ, ಒಪ್ಪೋಕೂ ಆಗಲ್ಲ. ದಿನಕ್ಕೆ ಹತ್ತಾದ್ರೂ ಹಿಡೀತೀನಿ" ಎನ್ನುತ್ತಾರೆ ಅಕ್ಕ.

ವ್ಯಾನು ಹದಿನಾಲ್ಕು ಅಂತಸ್ತಿನ ಗಾಜಿನ ಕಟ್ಟಡವೊಂದರ ಎದುರು ನಿಲ್ಲುತ್ತದೆ. ನೆಲಮಹಡಿಯ ಸಭಾಂಗಣದಲ್ಲಿ ಇವತ್ತು ಶಿಬಿರ. ಮೇಜು ಹಾಕಿ, ತೂಕದ ಯಂತ್ರವನ್ನು ಸಮವಾದ ಜಾಗಕ್ಕೆ ಸರಿಸಿ, ಮೊದಲ ಬಾಟಲಿ ತೆಗೆದಿಟ್ಟ ಅಕ್ಕ ಕೆಲಸ ಶುರು ಮಾಡುತ್ತಾರೆ. ಆದರೆ ಇವತ್ತು ಅವರ ಕಣ್ಣು ಆಗಾಗ ಬಾಗಿಲ ಕಡೆಗೆ ಹೋಗುತ್ತಿದೆ. ಅವರು ಒಬ್ಬಳ ದಾರಿ ನೋಡುತ್ತಿದ್ದಾರೆ. ಈ ಕಟ್ಟಡದ ಕಿಟಕಿ ಒರೆಸುವ ಹುಡುಗಿ, ಇಪ್ಪತ್ನಾಲ್ಕು ವರ್ಷದವಳು. ಹಗ್ಗಕ್ಕೆ ಜೋತುಬಿದ್ದು ಹೊರಗಿನಿಂದ ಗಾಜು ತೊಳೆಯುವವಳು. ಅವಳ ಮೈಯಲ್ಲಿ ರಕ್ತ ಮರಳಿ ತುಂಬಿದೆಯೋ ಇಲ್ಲವೋ ಎಂಬುದು ಅಕ್ಕನಿಗೆ ಇವತ್ತು ಗೊತ್ತಾಗಬೇಕು. ಆ ಗುಂಡಿಗಳ ಕತೆಯೂ ಅವಳದೇ.

ಆರು ತಿಂಗಳ ಹಿಂದೆ ಇದೇ ಸಭಾಂಗಣ, ಇದೇ ಮೇಜು. ನೀಲಿ ನೀರಿಗೊಂದು ಮಿತಿಯಿದೆ. ಒಂದು ಬಾಟಲಿಗೆ ಇಪ್ಪತ್ತೈದು ಹನಿ ಬಿದ್ದ ಮೇಲೆ ಅದನ್ನು ಚೆಲ್ಲಿ ಹೊಸದನ್ನು ತೆಗೆಯಬೇಕು. ಹನಿ ಬಿದ್ದಷ್ಟೂ ನೀರು ತೆಳುವಾಗುತ್ತದೆ. ತೆಳುವಾದ ನೀರಿನಲ್ಲಿ ಸೋತ ರಕ್ತವೂ ಸಲೀಸಾಗಿ ಮುಳುಗಿಬಿಡುತ್ತದೆ. ಆಗೆಲ್ಲ ಅಕ್ಕ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಗೀಟು ಹಾಕಿ ಲೆಕ್ಕ ಇಡುತ್ತಿದ್ದರು. ಆ ದಿನ ಹಚ್ಚೆಯವನೊಬ್ಬ ಅರ್ಧ ಗಂಟೆ ವಾದಕ್ಕೆ ನಿಂತ. ಒಂದು ಕಡೆ ಅವನಿಗೆ ಸಮಾಧಾನ ಹೇಳುತ್ತ ಇನ್ನೊಂದು ಕಡೆ ಸಾಲು ನಡೆಸುತ್ತ ಅಕ್ಕ ಗೀಟು ಹಾಕುವುದನ್ನು ಮರೆತರು.

ಸಂಜೆ ವಾಪಸ್ ಬಂದು ಬಾಟಲಿ ತೊಳೆಯುವಾಗ ಲೆಕ್ಕ ತಾಳೆಯಾಗಲಿಲ್ಲ. ಪುಸ್ತಕದಲ್ಲಿ ಬೆರಳು ಚುಚ್ಚಿಸಿಕೊಂಡ ಎಂಬತ್ತಮೂರು ಹೆಸರು, ಬಳಸಿದ್ದು ಮೂರೇ ಬಾಟಲಿ. ಮೂರು ಬಾಟಲಿಗೆ ಎಪ್ಪತ್ತೈದು. ಕೊನೆಯ ಎಂಟು ಜನರ ಹನಿ ಕೆಟ್ಟ ನೀರಿಗೆ ಬಿದ್ದಿದೆ, ಎಂಟೂ ಮುಳುಗಿವೆ, ಎಂಟೂ ಜನ ರಕ್ತ ಕೊಟ್ಟು ಹೋಗಿದ್ದಾರೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಲ್ಲಿ ತಿರುಗಿಸಿ ಬಾಟಲಿ ತೊಳೆದುಬಿಟ್ಟಿದ್ದರೆ ಈ ಸುದ್ದಿ ಸಿಂಕಿನೊಳಗೆ ಹರಿದುಹೋಗುತ್ತಿತ್ತು.

"ಯಾರಿಗೂ ಗೊತ್ತಾಗಲ್ಲ ಅಂತ ಮನಸ್ಸು ಒಂದು ಸಲ ಹೇಳ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಬೆಳಗ್ಗಿಂದ ಸಂಜೆವರೆಗೂ ಊರವರ ಸುಳ್ಳು ಹಿಡಿಯೋಳು ನಾನು. ನನ್ನ ಸುಳ್ಳನ್ನ ಯಾರ ಕೈಗೆ ಕೊಡಲಿ?" ಎಂದು ಅಕ್ಕ ಕೇಳುತ್ತಾರೆ.

ಬಾಟಲಿ, ಪುಸ್ತಕ ಎರಡನ್ನೂ ಹಿಡಿದು ಅವರು ಡಾಕ್ಟರ ಕೋಣೆಗೆ ಹೋದರು. ರಕ್ತನಿಧಿಯ ಹಿರಿಯ ಡಾಕ್ಟರು ಹೆಚ್ಚು ಮಾತಿನವರಲ್ಲ. ಎಲ್ಲ ಕೇಳಿ, ಕನ್ನಡಕ ತೆಗೆದಿಟ್ಟು, ಪ್ರತಿ ರಕ್ತಚೀಲದ ಜೊತೆ ಪರೀಕ್ಷೆಗೆಂದು ತೆಗೆದಿಡುವ ಕೊಳವೆಗಳನ್ನು ತರಿಸಿ ಯಂತ್ರಕ್ಕೆ ಹಾಕಿಸಿದರು. ಒಂದು, ಎರಡು, ಮೂರು ಎಂದು ಏಳು ಕೊಳವೆಗಳು ಸರಿಯಾಗಿದ್ದವು. ಎಂಟನೆಯದರ ಹಿಮೋಗ್ಲೋಬಿನ್ ಹತ್ತೂಕಾಲು ಎಂದು ತೋರಿಸಿತು. ಇರಬೇಕಾದ್ದು ಹನ್ನೆರಡೂವರೆ.

"ಚೀಲದ ರಕ್ತಕ್ಕೇನೂ ದೋಷ ಇಲ್ಲಮ್ಮ. ಕೊಟ್ಟವಳ ಮೈಯಲ್ಲಿ ಉಳಿದಿರೋದು ಕಮ್ಮಿ. ತಲೆ ಸುತ್ತಬಹುದು. ಏನು ಕೆಲಸ ಮಾಡ್ತಾಳೆ?" ಎಂದು ಡಾಕ್ಟರು ಕೇಳಿದರು.

ಅಕ್ಕ ಪುಸ್ತಕ ನೋಡಿದರು. ಅವರದೇ ಕೈಬರಹ. ಉದ್ಯೋಗ: ಕಿಟಕಿ ಒರೆಸುವುದು, ಹಗ್ಗದ ಮೇಲೆ. ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ಆ ಗಡಿಬಿಡಿಯಲ್ಲೇ ಬರೆದದ್ದು ಅದೂ.

ಆ ರಾತ್ರಿ ಅಕ್ಕನಿಗೆ ಅನ್ನ ಇಳಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಈ ಗಾಜಿನ ಕಟ್ಟಡದ ಕಾವಲುಗಾರನ ಎದುರು ನಿಂತಿದ್ದರು. ಕಿಟಕಿಯವರ ತಂಡ ಇವತ್ತು ಇಲ್ಲಿಲ್ಲ, ರೈಲು ನಿಲ್ದಾಣದ ಹತ್ತಿರದ ಕಟ್ಟಡಕ್ಕೆ ಹೋಗಿದೆ ಎಂದು ಅವನು ಹೇಳಿದ. ಬಸ್ಸಿಗೆ ಕಾಯುವ ತಾಳ್ಮೆ ಯಾರಿಗಿತ್ತು? ಅಕ್ಕ ಆಟೊ ಹಿಡಿದು ಹೋದರು. ಇಳಿದು ಕತ್ತೆತ್ತಿ ನೋಡಿದರೆ ಮೂರು ಹಗ್ಗಗಳಲ್ಲಿ ಮೂರು ಜನ. ಬಿಸಿಲು ಗಾಜಿಗೆ ಬಡಿದು ಮುಖ ಕಾಣಿಸುತ್ತಿರಲಿಲ್ಲ. ಆದರೆ ನಡುವಿನ ಹಗ್ಗದಲ್ಲಿ, ಒಂಬತ್ತನೇ ಅಂತಸ್ತಿನ ಎತ್ತರದಲ್ಲಿ, ಹಳದಿ ಟೋಪಿಯ ಕೆಳಗೆ ಒಂದು ಜಡೆ ತೂಗಾಡುತ್ತಿತ್ತು.

ಅಕ್ಕ ಕೆಳಗೆ ನಿಂತಿದ್ದ ಮೇಲ್ವಿಚಾರಕನ ತೋಳು ಹಿಡಿದು, ಆ ಜಡೆಯವಳನ್ನು ಮೊದಲು ಕೆಳಗಿಳಿಸಿ, ಕಾರಣ ಆಮೇಲೆ ಕೇಳಿ ಎಂದು ಕೂಗಾಡಿದರು. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, ವಾಕಿಟಾಕಿಯಲ್ಲಿ ಏನೋ ಹೇಳಿದ. ಹಗ್ಗ ಇಳಿಯತೊಡಗಿತು. ಒಂಬತ್ತು ಅಂತಸ್ತು ಇಳಿಯಲು ಆರು ನಿಮಿಷ ಹಿಡಿಯಿತಂತೆ. ಆ ಆರು ನಿಮಿಷದಲ್ಲಿ ಅಕ್ಕ ಯಾವ್ಯಾವ ದೇವರಿಗೆ ಏನೇನು ಹರಕೆ ಹೊತ್ತರೋ ಅವರಿಗೇ ಗೊತ್ತಿಲ್ಲ. ಕಾಲು ನೆಲಕ್ಕೆ ತಾಗಿತು, ಟೋಪಿ ಕಳಚಿತು, ಜಡೆಯ ಜೊತೆಗೆ ಒಂದು ದಪ್ಪ ಮೀಸೆಯೂ ಕಾಣಿಸಿತು.

"ಏನಕ್ಕ, ಮನೇಲಿ ಏನಾದ್ರೂ ಆಯ್ತಾ?" ಎಂದು ಆ ಜಡೆಯ ಮನುಷ್ಯ ಗಾಬರಿಯಿಂದ ಕೇಳಿದ. ವಿಷಯ ಗೊತ್ತಾದ ಮೇಲೆ ಗಾಬರಿ ಹೋಗಿ ಸಿಟ್ಟು ಬಂತು. "ಅವಳಾ? ಅವಳೆಲ್ಲಿ ಮೇಲೆ ಹತ್ತಿದಾಳೆ? ಅವಳ ಪಾಲಿನ ಗಾಜನ್ನೂ ನಾನೇ ಒರೆಸ್ತಾ ಇದೀನಿ. ರಕ್ತದ ಅಕ್ಕ ಮೂರು ದಿನ ಎತ್ತರಕ್ಕೆ ಹೋಗಬಾರದು ಅಂದಿದಾರಂತೆ. ಕೆಳಗೆ ಉಗ್ರಾಣದಲ್ಲಿ ಮಹಾರಾಣಿ ಹಾಗೆ ಕೂತಿದಾಳೆ, ಹೋಗಿ ನೋಡಿ."

ಉಗ್ರಾಣದಲ್ಲಿ ಆ ಹುಡುಗಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು. ಅಕ್ಕನನ್ನು ಕಂಡದ್ದೇ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಎದ್ದು ನಿಂತಳು. ರಕ್ತ ಕೊಟ್ಟವರಿಗೆಲ್ಲ ಅಕ್ಕ ಹೇಳುವ ಒಂದು ಮಾತಿದೆ: ಇವತ್ತೊಂದು ದಿನ ಭಾರ ಎತ್ತಬೇಡಿ, ಎತ್ತರ ಹತ್ತಬೇಡಿ. ಮೂರು ದಿನ ಎಂದು ಅವರು ಯಾವತ್ತೂ ಹೇಳಿದವರಲ್ಲ.

"ತಪ್ಪಾಯ್ತಕ್ಕ. ನಿನ್ನೆ ಸಂಜೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದ ಹಾಗಾಯ್ತು. ತಲೆ ಸುತ್ತುತ್ತೆ ಅಂದ್ರೆ ನನ್ನನ್ನ ಹಗ್ಗದಿಂದಲೇ ತೆಗೀತಾರೆ. ಅದಕ್ಕೆ ನಿಮ್ಮ ಹೆಸರು ಹೇಳಿ ಮೂರು ದಿನ ಅಂತ ಸುಳ್ಳು ಹೇಳಿಬಿಟ್ಟೆ" ಎಂದಳು.

ದಿನಕ್ಕೆ ಹತ್ತು ಸುಳ್ಳು ಹಿಡಿಯುವ ಅಕ್ಕ ಆ ಸುಳ್ಳಿನ ಎದುರು ನೆಲದ ಮೇಲೆ ಕುಸಿದು ಕೂತರು. ಆಮೇಲೆ ನಗು ಬಂತು, ನಗುವಿನ ಬೆನ್ನಿಗೇ ಅಳು ಬಂತು. ಹುಡುಗಿ ಏನು ಮಾಡಬೇಕೆಂದು ತೋಚದೆ ಉಳಿದ ಅರ್ಧ ಬನ್ನನ್ನು ಅವರ ಕೈಗಿಟ್ಟಳು. ಹಿಂದಿನ ಮಧ್ಯಾಹ್ನದಿಂದ ಬರೀ ಹೊಟ್ಟೆಯಲ್ಲಿದ್ದ ಅಕ್ಕ ಅದನ್ನು ತಿಂದರು.

ತಪ್ಪು ನನ್ನದು ಎಂದು ಅಕ್ಕ ಅವಳಿಗೆ ಅಲ್ಲೇ ಬಿಡಿಸಿ ಹೇಳಿದರು. ಡಾಕ್ಟರು ಅವಳನ್ನು ನೋಡಿ ಮಾತ್ರೆ ಬರೆದುಕೊಟ್ಟರು, ಮೈಗೆ ರಕ್ತ ಕೂಡುವವರೆಗೆ ನೆಲದ ಕೆಲಸವನ್ನೇ ಕೊಡಿ ಎಂದು ಮೇಲ್ವಿಚಾರಕನಿಗೆ ಪತ್ರ ಕೊಟ್ಟರು. ಹುಡುಗಿಯ ಕೆಲಸ ಹೋಗಲಿಲ್ಲ. ಅಕ್ಕನ ಕಡತಕ್ಕೂ ಒಂದು ಎಚ್ಚರಿಕೆಯ ಪತ್ರ ಸೇರಿತು, ಅದಕ್ಕೆ ಅವರು ರುಜು ಹಾಕಿದರು. ಮಾರನೆಯ ದಿನ ಗಂಡನ ಅಂಗಡಿಯ ಡಬ್ಬಿಯಿಂದ ಗುಂಡಿ ಎಣಿಸಿ ತಂದರು. ಅಂದಿನಿಂದ ಒಬ್ಬೊಬ್ಬರ ಹನಿಗೂ ಒಂದೊಂದು ಗುಂಡಿ ಚೀಲದಿಂದ ಬಟ್ಟಲಿಗೆ ಬೀಳುತ್ತದೆ. ಚೀಲ ಬರಿದಾದರೆ ಎದುರಿಗೆ ಯಾರೇ ವಾದಕ್ಕೆ ನಿಂತಿರಲಿ, ಬಾಟಲಿ ಬದಲಾಗುತ್ತದೆ. ಈಗ ರಕ್ತನಿಧಿಯ ಇನ್ನೆರಡು ಮೇಜುಗಳಿಗೂ ದರ್ಜಿಯ ಗುಂಡಿಗಳೇ ಹೋಗುತ್ತವೆ.

ನಾಲ್ಕು ತಿಂಗಳ ಹಿಂದೆ ಹುಡುಗಿಯ ರಕ್ತ ನೋಡಿದಾಗ ಹನ್ನೊಂದೂವರೆಗೆ ಏರಿತ್ತು. ಆಮೇಲೆ ಅವಳು ಪರೀಕ್ಷೆಗೆ ಬರಲಿಲ್ಲ. ಕಂಪನಿಯ ಡಾಕ್ಟರೇ ನೋಡುತ್ತಾರೆ, ಶಿಬಿರದ ದಿನ ಸಿಗುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಳಷ್ಟೆ. ಆ ಮಾತನ್ನು ಎಷ್ಟು ನಂಬಬೇಕು ಎಂದು ಅಕ್ಕನಿಗೆ ತಿಳಿಯುತ್ತಿಲ್ಲ.

"ನನ್ನಿಂದಾಗಿ ಅವಳ ಮೈ ಶಾಶ್ವತವಾಗಿ ಸೋತುಬಿಟ್ಟರೆ ಅಂತ ಒಂದು ಹೆದರಿಕೆ. ಡಾಕ್ಟರು ಹಾಗೇನಾಗಲ್ಲ ಅಂತಾರೆ. ಅವರು ಹೇಳಿದ್ದು ತಲೆಗೆ ಹೋಗುತ್ತೆ, ಮನಸ್ಸಿಗೆ ಇಳಿಯಲ್ಲ" ಎನ್ನುತ್ತ ಅಕ್ಕ ಇನ್ನೊಂದು ಗುಂಡಿಯನ್ನು ಬಟ್ಟಲಿಗೆ ಹಾಕುತ್ತಾರೆ.

ಹನ್ನೊಂದು ಗಂಟೆಯ ಹೊತ್ತಿಗೆ ಐವತ್ತು ಜನರ ಹನಿ ಬಿದ್ದಿದೆ. ಹನ್ನೆರಡು ಮಂದಿ ವಾಪಸ್ಸಾಗಿದ್ದಾರೆ. ಅಕ್ಕ ಎರಡನೇ ಬಾಟಲಿಯನ್ನು ಚೆಲ್ಲಿ ಮೂರನೆಯದರ ಮುಚ್ಚಳ ತೆಗೆಯುವಾಗ ಎದುರಿನ ಕುರ್ಚಿ ಕಿರುಗುಟ್ಟುತ್ತದೆ. ತಲೆಯೆತ್ತಿದರೆ ಅವಳೇ. ಕೆನ್ನೆ ತುಂಬಿಕೊಂಡಿದೆ. ನೀಲಿ ಸಮವಸ್ತ್ರದ ತೋಳನ್ನು ಕೂರುವ ಮೊದಲೇ ಮೇಲಕ್ಕೆ ಮಡಚಿಕೊಂಡಿದ್ದಾಳೆ.

ಅಕ್ಕ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳುವುದಿಲ್ಲ. ತಿಂಡಿ ಆಯ್ತಾ, ಏನು ತಿಂದೆ, ಎಷ್ಟು ಗಂಟೆ ಮಲಗಿದೆ, ಯಾವುದಾದರೂ ಮಾತ್ರೆ ನುಂಗುತ್ತಿದ್ದೀಯಾ ಎಂದು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಎಲ್ಲರಿಗೂ ಕೇಳುವ ದನಿಯಲ್ಲಿ ಕೇಳುತ್ತಾರೆ. ತೂಕ ಐವತ್ತೊಂದು. ಬೆರಳು ಚುಚ್ಚುತ್ತಾರೆ. ಹನಿ ನೀಲಿ ನೀರಿಗೆ ಬೀಳುತ್ತದೆ. ಇಬ್ಬರೂ ಉಸಿರು ಹಿಡಿದು ಬಾಟಲಿಯ ಕಡೆ ಬಾಗುತ್ತಾರೆ. ಅಕ್ಕನ ತುಟಿ ಎಣಿಸತೊಡಗುತ್ತದೆ. ನಾಲ್ಕಕ್ಕೆ ಬರುವ ಮೊದಲೇ ಹನಿ ನೇರವಾಗಿ, ಎಲ್ಲೂ ತಡವರಿಸದೆ, ತಳ ಸೇರಿದೆ.

ಅಕ್ಕನಿಗೆ ಅಷ್ಟು ಸಾಲದು. ಇದೊಬ್ಬಳಿಗಾಗಿಯೇ ಚೀಲದಲ್ಲಿಟ್ಟು ತಂದಿದ್ದ ಸಣ್ಣ ಯಂತ್ರ ತೆಗೆದು ಇನ್ನೊಂದು ಹನಿ ಹಾಕುತ್ತಾರೆ. ಹದಿಮೂರು ಪಾಯಿಂಟ್ ಒಂದು. ಅಕ್ಕ ಆ ಅಂಕಿಯನ್ನು ಎರಡು ಸಲ ಓದುತ್ತಾರೆ, ಕನ್ನಡಕ ಒರೆಸಿ ಮೂರನೇ ಸಲ ಓದುತ್ತಾರೆ. ಆರು ತಿಂಗಳಿಂದ ಹೊತ್ತುಕೊಂಡಿದ್ದ ಭಾರ ಇಳಿದದ್ದು ಅವರ ಹೆಗಲಲ್ಲೇ ಕಾಣಿಸುತ್ತದೆ.

"ಗಟ್ಟಿ ಇದೀಯಲ್ಲೇ" ಎನ್ನುತ್ತಾರೆ.

"ಮತ್ತೆ? ಮಂಚ ಯಾವ ಕಡೆ ಅಕ್ಕ? ಈ ಸಲ ನಿಜವಾದ ರಕ್ತ ಕೊಡ್ತೀನಿ" ಎಂದು ಹುಡುಗಿ ಎದ್ದು ನಿಲ್ಲುತ್ತಾಳೆ.

ಅಕ್ಕ ಪುಸ್ತಕಕ್ಕೆ ಅಂಕಿ ಬರೆದುಕೊಳ್ಳುತ್ತ, ಕಣ್ಣೆತ್ತದೆ ಕೇಳುತ್ತಾರೆ. "ಮಧ್ಯಾಹ್ನ ಏನು ಕೆಲಸ?"

ಹುಡುಗಿ ಬೇಕಾದರೆ ಉಗ್ರಾಣದಲ್ಲಿ ಎಂದು ಹೇಳಿಬಿಡಬಹುದು. ಅಕ್ಕನ ಮುಖ ನೋಡಿ, ಕಾಲ ಮೇಲೆ ಕಾಲು ಉಜ್ಜಿಕೊಂಡು, "ಮೇಲೆ" ಎನ್ನುತ್ತಾಳೆ. "ಎರಡು ಗಂಟೆಗೆ, ಹನ್ನೊಂದನೇ ಅಂತಸ್ತು. ಹೋದ ವಾರ ಕಂಪನಿ ಡಾಕ್ಟರು ನೋಡಿ ಮತ್ತೆ ಹಗ್ಗ ಕೊಟ್ಟಿದಾರೆ."

"ಹಾಗಾದ್ರೆ ಇವತ್ತು ಆಗಲ್ಲ. ರಜೆ ಇರೋ ದಿನ ನಮ್ಮಲ್ಲಿಗೇ ಬಾ, ನಡಿ."

"ಅಯ್ಯೋ ಅಕ್ಕ! ಆರು ತಿಂಗಳು ಮಾತ್ರೆ ನುಂಗಿದೀನಿ! ಹನಿ ಮುಳುಗಿದ್ದು ನೀವೇ ನೋಡಿದ್ರಿ!"

"ನೋಡಿದೆ. ನಡಿ, ಹಿಂದಿನವರು ಕಾಯ್ತಾ ಇದಾರೆ."

ಹುಡುಗಿ ಗೊಣಗುತ್ತ, ಮಡಚಿದ ತೋಳನ್ನು ಇಳಿಸಿಕೊಳ್ಳುತ್ತ, ಬಾಗಿಲ ಬಳಿ ಹೋಗಿ ಒಮ್ಮೆ ತಿರುಗಿ ನೋಡುತ್ತಾಳೆ. ನಗು ತಡೆದುಕೊಳ್ಳಲಾಗದೆ ಹೊರಗೆ ಓಡುತ್ತಾಳೆ. ಅಕ್ಕ ಅವಳು ಮರೆಯಾಗುವವರೆಗೂ ಆ ಕಡೆಗೇ ನೋಡುತ್ತ ಕೂತಿದ್ದು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಈ ಮೇಜಿಗೆ ಬಂದ ಮೇಲೆ ಎಷ್ಟು ಸಾವಿರ ಜನರನ್ನ ವಾಪಸ್ ಕಳಿಸಿದೀನೋ ಲೆಕ್ಕ ಇಲ್ಲ" ಎನ್ನುತ್ತಾರೆ. "ಇಷ್ಟು ಖುಷಿಯಾಗಿ ಯಾರನ್ನೂ ಕಳಿಸಿರಲಿಲ್ಲ ನೋಡಿ."